ಕೈಗೆ ಬಿಡುವು
1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿದ ಮೇಲೆ ಬೆಂಗಳೂರಿನ ಈ ಭಾಗದವರಿಗೆ ಬಿಳಿಯ ಸಿಪಾಯಿಗಳ ಪೈಪೂ ಪರಿಚಿತವಾಯಿತು. ಚಿಲುಮೆಗೆ ಕೈಗಳ ಆಸರೆ ಬೇಕು. ಪೈಪನ್ನಾದರೋ ಹಲ್ಲಿನಲ್ಲಿ ಕಚ್ಚಿ ಕೈಗಳನ್ನು ಕೆಲಸಕ್ಕೆ ಬಿಡಬಹುದು. ಶಿವಾಜಿನಗರದ ಬಡಗಿಯೊಬ್ಬನಿಗೆ ಬೇಕಾಗಿದ್ದುದೂ ಇದೇ. ನೇರವಾದ ಪೈಪಿನ ಬುರುಡೆ ಬಾಯಿಂದ ದೂರದಲ್ಲಿ ತೂಗುವುದರಿಂದ ದವಡೆಗೆ ಭಾರ ಹೆಚ್ಚು. ಬಾಗಿದುದರ ಬುರುಡೆ ಗಲ್ಲದ ಸಮೀಪದಲ್ಲಿ ಜೋಲುವುದರಿಂದ ಭಾರ ಕಡಮೆ. ಆತನು ಬಾಗಿದ, ಕಿರಿದಾದ, ಹಗುರವಾದುದನ್ನೇ ಆರಿಸಿದನು. ಆಯ್ಕೆಯೇನೋ ಜಾಣತನದ್ದೇ. ಆದರೆ ಕೈಗೆ ಬಿಡುವು ದೊರೆತಂತೆ ಬಾಯಿಗೆ ಬಿಡುವಿಲ್ಲದಾಯಿತು. ಕಚ್ಚಿ ಕಚ್ಚಿ ಹಲ್ಲು ಸವೆಯಿತು. ತುಟಿಯಲ್ಲೊಂದು ಹುಣ್ಣು ಮಾಯದೆ ಉಳಿಯಿತು. ಪೈಪಿನ ಹೊಗೆಯಿಂದಲೂ ಬಾಯಿಗೆ ಅರ್ಬುದರೋಗ ತಗಲಬಹುದೆಂದು ವೈದ್ಯರು ತಿಳಿಸಿದ ದಿನ ಆತನು ಪೈಪನ್ನು ಮರದ ತುಂಡಿನ ಮೇಲಿಟ್ಟು ಬಾಚಿಯಿಂದ ಸೀಳಿದನು. ಸೇದಲು ಕೈಗಳು ಬೇಡವಾಗಿದ್ದುವು. ಬಿಡಲು ಎರಡೂ ಬೇಕಾದುವು.