ಬಲಗಡೆಯ ಸದ್ದು

ದಮ್ಮಾಮಿನಲ್ಲಿರುವ ನಮ್ಮ ತಮ್ಮ ಕಳೆದ ವರ್ಷ ರಜೆಗೆ ಬಂದಾಗ ಖರ್ಜೂರ, ಕಂಬಳಿ, ಅತ್ತರಿನ ಸೀಸೆಗಳ ಜೊತೆಗೆ ಒಂದು ಹಳೆಯ ಪ್ಲೇಸ್ಟೇಷನ್ 4 ತಂದ. ಅವನ ಮಕ್ಕಳು ಆಡಿ ಬಿಟ್ಟದ್ದು. ನಮ್ಮ ಹನ್ನೆರಡು ವರ್ಷದ ಮಗನಿಗೆ ಮಾತ್ರ ಅದು ಮಾಮು ಕೊಟ್ಟ ಖಜಾನೆ. ಮೊದಲ ರಾತ್ರಿ ಪೆಟ್ಟಿಗೆಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗಿದ.

ಹಾಲಿನಲ್ಲಿರುವ ಟೀವಿ ನಮ್ಮ ಅತ್ತೆಯವರದು. ಸಂಜೆ ಧಾರಾವಾಹಿ, ಇಶಾ ನಮಾಜಾದ ಮೇಲೆ ಸುದ್ದಿ. ಅದನ್ನು ಕಿತ್ತುಕೊಳ್ಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಹಾಗಾಗಿ ಮಗನಿಗೆ ಉಳಿದದ್ದು ಒಳಕೋಣೆ, ನಾವು ಕತೆ ಬರೆಯುವ ಲ್ಯಾಪ್‌ಟಾಪ್ ಮತ್ತು ಅಟ್ಟದ ಮೇಲಿದ್ದ ಒಂದು ಜೊತೆ ಸ್ಪೀಕರ್.

ಎಚ್‌ಡಿಎಂಐ ವೈರನ್ನು ಆಟದ ಯಂತ್ರದಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ಏನೂ ಬರಲಿಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗ ನಕ್ಕು ಹೇಳಿದ: "ಲ್ಯಾಪ್‌ಟಾಪಿನ ಆ ತೂತು ಚಿತ್ರವನ್ನು ಹೊರಗೆ ಕಳಿಸೋದಕ್ಕೆ ಮಾತ್ರ ಆಂಟಿ, ಒಳಗೆ ತಗೊಳ್ಳಲ್ಲ. ಎರಡು ನಲ್ಲಿಗಳ ಬಾಯಿಗೆ ಬಾಯಿ ಇಟ್ಟರೆ ನೀರು ಹರಿಯುತ್ತಾ?" ಆ ಮಾತು ನಮಗೆ ಅರ್ಥವಾಯಿತು. ಅವನೇ ಒಂದು ಕ್ಯಾಪ್ಚರ್ ಕಾರ್ಡ್ ಕೊಟ್ಟ. ಬೆರಳುದ್ದದ ವಸ್ತು. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಯುಎಸ್‌ಬಿ.

ಅದನ್ನು ಹಾಕಿದರೂ ಪರದೆ ಕಪ್ಪು. ಸಿನಿಮಾಗಳನ್ನು ನಕಲು ಮಾಡದಂತೆ ಚಿತ್ರಕ್ಕೆ ಎಚ್‌ಡಿಸಿಪಿ ಎಂಬ ಬೀಗ ಹಾಕಿರುತ್ತಾರೆ. ಆಟವಾಡಲು ಮಾತ್ರವಾದರೆ ಯಂತ್ರದ ಸೆಟ್ಟಿಂಗ್ಸ್‌ನಲ್ಲೇ ಅದನ್ನು ತೆಗೆಯಬಹುದು. ಯಂತ್ರವನ್ನು ಮೊದಲು ಅತ್ತೆಯವರ ಟೀವಿಗೆ ಜೋಡಿಸಿ, ಅವರು ಅಸರ್ ನಮಾಜಿಗೆ ಎದ್ದ ಹೊತ್ತಿನಲ್ಲಿ ಬೀಗ ತೆಗೆದೆವು. ಲ್ಯಾಪ್‌ಟಾಪಿನಲ್ಲಿ ಚಿತ್ರ ಬಂತು. ಸದ್ದು ಬರಲಿಲ್ಲ.

ಮೂಕಿ ಆಟವನ್ನು ಎಷ್ಟು ಹೊತ್ತು ಆಡಲಾದೀತು? ಟ್ಯಾಂಕಿನಿಂದ ನಲ್ಲಿಯವರೆಗೆ ಪೈಪು ಹುಡುಕುವಂತೆ ನಾವು ಸದ್ದಿನ ದಾರಿ ಹಿಡಿದು ಹೊರಟೆವು. ಮೊದಲನೆಯದು ಯಂತ್ರ. ಅದು ಸದ್ದನ್ನು ಹೋಂ ಥಿಯೇಟರಿಗೆ ಕಳಿಸುವ ಡಾಲ್ಬಿ ರೂಪದಲ್ಲಿ ಕಳಿಸುತ್ತಿತ್ತು. ಕಾರ್ಡಿಗೆ ಅದು ತಿಳಿಯದ ಭಾಷೆ. ಲೀನಿಯರ್ ಪಿಸಿಎಂ ಎಂಬ ಸಾದಾ ರೂಪಕ್ಕೆ ಬದಲಿಸಿದೆವು. ಎರಡನೆಯದು ಲ್ಯಾಪ್‌ಟಾಪ್. ಅದರ ಕಣ್ಣಿಗೆ ಕಾರ್ಡಿನಿಂದ ಬರುವ ಸದ್ದು ಒಂದು ಮೈಕು. ಮೈಕಿನಲ್ಲಿ ಬಂದದ್ದನ್ನು ಅದು ಒಳಗೆ ತೆಗೆದುಕೊಳ್ಳುತ್ತದೆಯೇ ಹೊರತು ತಾನಾಗಿ ಹೊರಗೆ ಕೇಳಿಸುವುದಿಲ್ಲ. ಸೌಂಡ್ ಪಟ್ಟಿಯ ರೆಕಾರ್ಡಿಂಗ್ ಭಾಗಕ್ಕೆ ಹೋಗಿ, ಆ ಮೈಕನ್ನು ತೆರೆದು, 'ಲಿಸನ್ ಟು ದಿಸ್ ಡಿವೈಸ್' ಎಂಬಲ್ಲಿ ಗುರುತು ಹಾಕಬೇಕು. ಮೈಕು ಬಳಸಲು ಅನುಮತಿಯನ್ನೂ ಕೊಡಬೇಕು. ಮೂರನೆಯದು ಹೊರದಾರಿ. ಸದ್ದು ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿಗೆ ಹೋಗಬೇಕೋ, ನಾವು ಜೋಡಿಸಿದ ದೊಡ್ಡದಕ್ಕೋ ಎಂದು ಆರಿಸಬೇಕು. ಇಷ್ಟೆಲ್ಲ ಆದ ಮೇಲೆ ಸದ್ದು ಬಂತು, ಬಾವಿಯೊಳಗಿಂದ ಬಂದಂತೆ ಎರಡೆರಡು ಸಲ. ಚಿತ್ರ ತೋರಿಸುತ್ತಿದ್ದ ತಂತ್ರಾಂಶವೂ ಅದೇ ಸದ್ದನ್ನು ಬೇರೆಯಾಗಿ ಕೇಳಿಸುತ್ತಿತ್ತು. ಒಂದನ್ನು ಮುಚ್ಚಿದೆವು. ಮನೆ ತುಂಬ ಆಟದ ಗದ್ದಲ. ಅತ್ತೆಯವರು ಹಾಲಿನಿಂದಲೇ "ಸಾಕು ಕಡಿಮೆ ಮಾಡ್ರೋ" ಎಂದರು. ನಮಗೆ ಕತೆ ಮುಗಿಸಿದಷ್ಟು ಖುಷಿಯಾಯಿತು.

ಎರಡನೇ ದಿನ ಆಡಲು ಬಂದ ನಾದಿನಿಯ ಮಗ ತಗಾದೆ ತೆಗೆದ. "ಬಲಗಡೆಯಿಂದ ಹೆಜ್ಜೆ ಸದ್ದು ಬರ್ತಿದೆ, ಕೇಳಿಸಲ್ವೇನೋ? ಆ ಕಡೆಯಿಂದಲೇ ಬಂದು ಹೊಡೀತಾನೆ ನೋಡು." ನಮ್ಮವನು ಸೋತ, ಮತ್ತೆ ಸೋತ. ಕೊನೆಗೆ ನಮ್ಮ ಬಳಿ ಬಂದು ಹೇಳಿದ: "ಅಮ್ಮೀ, ಎಲ್ಲಾ ಒಂದೇ ಕಡೆಯಿಂದ ಬರ್ತಿದೆ. ಬಲಗಡೇ ಸ್ಪೀಕರ್ ಕೆಟ್ಟಿದೆ."

ನಾವು ಹೋಗಿ ಕೇಳಿದೆವು. ನಮಗೆ ಎರಡೂ ಕೇಳಿಸಿದವು. ಸೋತವನ ನೆಪ ಎಂದುಕೊಂಡೆವು. ಆದರೂ ಅಂಗಡಿಯ ಹುಡುಗ ಒಂದು ಮಾತು ಹೇಳಿದ್ದ. ಕೆಲವು ಅಗ್ಗದ ಕಾರ್ಡುಗಳು ಎಡ ಬಲದ ಸದ್ದನ್ನು ಸರಿಯಾಗಿ ಬೇರೆ ಮಾಡಿ ಕೊಡುವುದಿಲ್ಲವಂತೆ. ನಮ್ಮ ವಯಸ್ಸಾದ ಕಿವಿಗಿಂತ ಮಗುವಿನ ಕಿವಿ ಸೂಕ್ಷ್ಮವಿರಬಹುದೆಂದು ಮತ್ತೆ ಕೂತೆವು. ಸ್ಪೀಕರಿನ ಹಿಂದಿನ ಕೆಂಪು ಬಿಳಿ ಪಿನ್ನುಗಳನ್ನು ಅದಲು ಬದಲು ಮಾಡಿದೆವು. ಬಲಗಡೆಯ ಜಾಲರಿಯ ಮೇಲೆ ಅಂಗೈ ಇಟ್ಟೆವು. ಅದು ಹಿಡಿದ ಹಕ್ಕಿಯ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಹಾಗಾದರೆ ಕೆಟ್ಟದ್ದೇನು?

ಲ್ಯಾಪ್‌ಟಾಪು, ಕಾರ್ಡು ಎರಡನ್ನೂ ಬಿಟ್ಟು ನೋಡೋಣವೆಂದು ಆಟದ ಕೈಹಿಡಿಗೇ ಇಯರ್‌ಫೋನ್ ಸಿಕ್ಕಿಸಿದೆವು. ಅದರಲ್ಲಿ ಒಂದು ತೂತಿದೆ. ಸದ್ದು ಅಲ್ಲಿಂದ ನೇರ ಬರುತ್ತದೆ. "ಬಲಗಡೇದು ಸತ್ತೋಗಿದೆ" ಎಂದ. ಹೊಸ ಇಯರ್‌ಫೋನ್ ತಂದೆವು. ಅದೂ ಹಾಗೆಯೇ. ರಿಪೇರಿ ಮಾಡುವವರೆಲ್ಲ ಬಲ್ಲ ಒಂದು ಸೂತ್ರವಿದೆ: ಎರಡು ತುದಿ ಅದಲು ಬದಲು ಮಾಡು, ದೋಷ ವೈರಿನ ಜೊತೆ ಹೋದರೆ ವೈರಿನದು, ಇದ್ದಲ್ಲೇ ಉಳಿದರೆ ಆ ಜಾಗದ್ದು. ಎಡಗಿವಿಯ ಬಿರಡೆಯನ್ನು ಬಲಗಿವಿಗೆ, ಬಲದ್ದನ್ನು ಎಡಕ್ಕೆ ಇಟ್ಟೆವು. "ಈಗ?"

"ಈಗಲೂ ಬಲಗಡೇದೇ ಇಲ್ಲ."

ನಮ್ಮ ಕೈ ಅಲ್ಲೇ ನಿಂತಿತು. ಎಡಗಿವಿಯನ್ನು ಬೆರಳಿನಿಂದ ಮುಚ್ಚಿ, ಬಲಗಿವಿಯ ಹತ್ತಿರ ಬಾಯಿಟ್ಟು ಅವನ ಹೆಸರನ್ನು ಮೆಲ್ಲಗೆ ಕರೆದೆವು. ಅವನು ಪರದೆ ನೋಡುತ್ತಲೇ ಇದ್ದ.

"ನಿನಗೆ ಈ ಕಿವಿ ಯಾವಾಗಿಂದ ಕೇಳಿಸಲ್ಲ?" ಎಂದು ಕೇಳಿದಾಗ ಅವನಿಗೇ ಆಶ್ಚರ್ಯವಾಯಿತು. "ಎಲ್ರಿಗೂ ಒಂದು ಕಿವಿ ಜಾಸ್ತಿ, ಒಂದು ಕಿವಿ ಕಮ್ಮಿ ಇರುತ್ತೆ ಅಂದ್ಕೊಂಡಿದ್ದೆ" ಎಂದ.

ಬೆಳಗಿನ ಬಸ್ಸಿಗೆ ಮೈಸೂರಿಗೆ ಹೊರಟೆವು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಸದ್ದಿಲ್ಲದ ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಎಡಗಿವಿ ಚೆನ್ನಾಗಿದೆ, ಬಲಗಿವಿಯ ಶ್ರವಣ ಪೂರ್ತಿ ಹೋಗಿದೆ ಎಂದರು. "ಹಿಂದೆ ಮಂಗನಬಾವು ಆಗಿತ್ತೇ?" ಆಗಿತ್ತು. ಅವನಿಗೆ ಆರು ವರ್ಷವಿದ್ದಾಗ ಎರಡೂ ಕೆನ್ನೆ ಊದಿ ವಾರ ಮಲಗಿದ್ದ. ಅತ್ತೆಯವರು ಲೇಪ ಹಚ್ಚಿದ್ದರು. ಊತ ಇಳಿಯಿತು, ಮರೆತೆವು. ಆ ವೈರಸ್ಸು ಕೆಲವೊಮ್ಮೆ ಒಳಗಿವಿಗೆ ಹಾನಿ ಮಾಡುತ್ತದೆ. ಹೆಚ್ಚಾಗಿ ಒಂದೇ ಕಿವಿಗೆ. ಇನ್ನೊಂದು ಕಿವಿ ಕೆಲಸ ನಡೆಸಿಕೊಂಡು ಹೋಗುವುದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಹೋದದ್ದು ಸಾಮಾನ್ಯವಾಗಿ ಮರಳುವುದೂ ಇಲ್ಲ.

2017ರಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ನಮ್ಮ ಮೊಹಲ್ಲಾದಲ್ಲಿ ಏನೇನೋ ಗಾಳಿಮಾತು ಹರಡಿತ್ತು. ನಾವು ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದ್ದೆವು, ಮಗನಿಗೂ ಅಂಗನವಾಡಿಯಲ್ಲಿ ಹಾಕಿಸಿದ್ದೆವು. ಆ ಲಸಿಕೆಯಲ್ಲಿ ಮಂಗನಬಾವಿಗೆ ಮದ್ದಿರಲಿಲ್ಲ. ಅದು ಸೇರಿರುವುದು ಎಂಎಂಆರ್ ಎಂಬ ಬೇರೆ ಲಸಿಕೆಯಲ್ಲಿ. ಅದು ನಮಗೆ ತಿಳಿದದ್ದು ಈಗ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ವೈದ್ಯರನ್ನು ಒಮ್ಮೆ ಕೇಳಿ ನೋಡಿ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಮಗೆ ಒಂದೊಂದೇ ನೆನಪಾಗತೊಡಗಿತು. ಶಾಲೆಯ ಡೈರಿಯಲ್ಲಿ 'ಪಾಠದ ಕಡೆ ಗಮನವಿಲ್ಲ' ಎಂಬ ಸಾಲು. ಅರಬ್ಬಿ ಕಲಿಸುವ ಹಜ್ರತರ ದೂರು, "ಕರೆದರೂ ತಿರುಗಿ ನೋಡೋದಿಲ್ಲ." ದಸ್ತರ್‌ಖಾನಿನಲ್ಲಿ ಯಾವಾಗಲೂ ಬಲತುದಿಯ ಗೋಡೆ ಪಕ್ಕದ ಜಾಗಕ್ಕೇ ಹಟ ಮಾಡುತ್ತಿದ್ದ. ಅಲ್ಲಿ ಕೂತರೆ ನಾವೆಲ್ಲ ಅವನ ಎಡಗಡೆಗೆ ಬರುತ್ತೇವೆ. ಅದನ್ನು ಮೊಂಡುತನ ಎಂದಿದ್ದೆವು. ಒಂದು ದಿನ ಮೂರು ಸಲ ಕರೆದರೂ ಬರಲಿಲ್ಲವೆಂದು ಕಿವಿ ಹಿಡಿದು ಹಿಂಡಿದ್ದೆವು. ನಮ್ಮ ಕೈಗೆ ಸಿಕ್ಕಿದ್ದು ಬಲಗಿವಿ. ಕತೆಗಳಲ್ಲಿ ಯಾರ್ಯಾರದೋ ಮನಸ್ಸಿನ ಮಾತು ಕೇಳಿಸಿಕೊಂಡು ಬರೆಯುವವರು ನಾವು. ವೈರು, ಪಿನ್ನು, ಕಾರ್ಡು, ಸ್ಪೀಕರು ಎಲ್ಲವನ್ನೂ ಅನುಮಾನಿಸಿ ಮೂರು ದಿನ ಪರೀಕ್ಷಿಸಿದೆವು. ಆರು ವರ್ಷದಲ್ಲಿ ಮಗನನ್ನು ಮಾತ್ರ ಒಂದು ಸಲವೂ ಪರೀಕ್ಷಿಸದೆ ಬೈದೆವು.

ಕ್ರಾಸ್ ಎಂಬ ಒಂದು ಸಾಧನವಿದೆ ಎಂದು ಅಲ್ಲಿ ತಿಳಿಸಿದರು. ಕೇಳದ ಕಿವಿಯ ಹತ್ತಿರ ಪುಟ್ಟ ಮೈಕು, ಅದು ಹಿಡಿದ ಸದ್ದು ಕೇಳುವ ಕಿವಿಗೆ ರವಾನೆ. ಅದಕ್ಕೆ ಹಣ ಕೂಡಿಸುತ್ತಿದ್ದೇವೆ. ಲ್ಯಾಪ್‌ಟಾಪಿನಲ್ಲಿ ಅದೇ ಕೆಲಸ ಬಿಟ್ಟಿಯಾಗಿ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಎಂದಿದೆ. ಅದನ್ನು ಒತ್ತಿದರೆ ಎಡ ಬಲ ಎರಡರ ಸದ್ದೂ ಕೂಡಿ ಎರಡೂ ಕಡೆ ಬರುತ್ತದೆ. ಮಗ ಇಯರ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಷ್ಟೊಂದು ಇತ್ತಾ ಇದರಲ್ಲಿ?" ಎಂದ. ಹೆಜ್ಜೆ ಯಾವ ಕಡೆಯದೆಂದು ಈಗಲೂ ತಿಳಿಯುವುದಿಲ್ಲ. ಸದ್ದು ಎರಡು ಕಿವಿಗಳನ್ನು ಮುಟ್ಟುವಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಅಂತರವಿರುತ್ತದೆ. ದಿಕ್ಕು ಹೇಳುವುದರಲ್ಲಿ ಅದರದು ದೊಡ್ಡ ಪಾಲು. ಅದನ್ನು ಯಾವ ಸೆಟ್ಟಿಂಗೂ ಅವನಿಗೆ ಕೊಡಲಾರದು. ಈಗ ನಾದಿನಿಯ ಮಗ ಪಕ್ಕದಲ್ಲಿ ಕೂತು "ಬಲಕ್ಕೆ, ಬಲಕ್ಕೆ" ಎಂದು ಕೂಗುತ್ತಾನೆ.

ಶಾಲೆಯಲ್ಲಿ ಅವನ ಜಾಗ ಬದಲಾಗಿದೆ. ದಸ್ತರ್‌ಖಾನಿನ ಬಲತುದಿ ಅವನದೇ. ಈಗಲೂ ಆಗಾಗ ಒಳಕೋಣೆಯಿಂದ "ಅಮ್ಮೀ, ಸೌಂಡ್ ಬರ್ತಿಲ್ಲ" ಎಂದು ಕೂಗು ಬರುತ್ತದೆ. ನಾವು ಬರೆಯುವುದನ್ನು ಬಿಟ್ಟು ಎದ್ದು ಹೋಗುತ್ತೇವೆ, ಅವನ ಎಡಗಡೆ ಕೂರುತ್ತೇವೆ, ಮೊದಲ ವೈರಿನಿಂದ ನೋಡಲು ಶುರುಮಾಡುತ್ತೇವೆ.