ಪದವಿಯಾಚೆಗಿನ ಹಾದಿ

ಕಳೆದ ಶ್ರಾವಣದಲ್ಲಿ ಬನಹಟ್ಟಿಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ನಡುಮನೆಯಾಚೆ ಮಗ್ಗಗಳ ಸದ್ದು ನಡೆದೇ ಇತ್ತು. ಅಲ್ಲಿ ನಿಂತಿದ್ದ ತರುಣನನ್ನು ಕಂಡು ಗುರುತು ಹತ್ತಿತು. ಎರಡು ವರ್ಷಗಳ ಹಿಂದೆ ಅವನು ಬಿ.ಎ. ಪ್ರಥಮ ದರ್ಜೆಯಲ್ಲಿ ಮುಗಿಸಿದಾಗ ಶಾಲು ಹೊದಿಸಿ, ಎಂ.ಎ. ಓದೆಂದು ಹರಸಿ, ಪರಿಚಯದ ಪ್ರಾಧ್ಯಾಪಕರೊಬ್ಬರಿಗೆ ಪತ್ರ ಕೊಟ್ಟು ಕಳುಹಿಸಿದವರು ನಾವೇ.

“ಓದು ಮುಗಿಯಿತೇನಪ್ಪಾ?” ಎಂದೆವು.

“ಇಲ್ರಿ ಗುರುಗಳ, ತಿಂಗಳೊಪ್ಪತ್ತಿನ್ಯಾಗ ತಿರುಗಿ ಬಂದೆ. ನಿಮಗ ಹ್ಯಾಂಗ ಹೇಳಬೇಕಂತ ಸುಮ್ಮನಾದೆ” ಎಂದು ತಲೆ ತಗ್ಗಿಸಿದ.

ಪಾಠ ಕಠಿಣವಾಗಿ ಅವನು ಮರಳಿದ್ದಲ್ಲ. ವಲಸೆ ಪ್ರಮಾಣಪತ್ರ ಸಕಾಲಕ್ಕೆ ಕೈಗೆ ಬಂದಿರಲಿಲ್ಲ. ವಸತಿನಿಲಯದ ಅರ್ಜಿಯ ಅವಧಿ ಮೀರಿತ್ತು. ಬಾಡಿಗೆ ಕೋಣೆಗೆ ಮುಂಗಡ ಕೊಡುವಷ್ಟು ಹಣ ಇರಲಿಲ್ಲ. ನಾವು ಪತ್ರ ಬರೆದಿದ್ದ ಪ್ರಾಧ್ಯಾಪಕರೋ ನಿವೃತ್ತರಾಗಿ ವರ್ಷ ಕಳೆದಿತ್ತಂತೆ. ಪತ್ರ ಅವನ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಅಂದು ಪ್ರಸಾದ ನಮಗೆ ರುಚಿಸಲಿಲ್ಲ.

ನಮ್ಮ ಹಿರಿಯರು ವಿದ್ಯೆಗಾಗಿ ಮಾಡಿದ್ದು ಅಲ್ಪವಲ್ಲ. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, 1910ರಲ್ಲಿ ಫ.ಗು. ಹಳಕಟ್ಟಿಯವರ ದುಡಿಮೆಯಿಂದ ವಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆ, 1916ರಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ಹುಟ್ಟಿದವು. ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನವನ್ನೇ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಧಾರವಾಡ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ಗುರುದೇವ ರಾನಡೆಯವರು ಪದವಿಗಾಗಿ ಪುಣೆಗೆ ಹೋಗಬೇಕಾಗಿತ್ತು. ಇಂದು ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳಲ್ಲಿ ಮನೆಯ ರೊಟ್ಟಿ ಉಂಡೇ ಪದವಿ ಪಡೆಯಬಹುದು. ಅಲ್ಲಿಂದ ಮುಂದಿನ ಹೆಜ್ಜೆಗೆ ಮಾತ್ರ ನಾವು ಶಾಲು, ಹಾರ, ಹರಕೆ ಇಷ್ಟನ್ನೇ ಕೊಟ್ಟು ಕೈತೊಳೆದುಕೊಂಡಿದ್ದೇವೆ.

ದಾರಿ ಹತ್ತಿರವಾದಂತೆ ಕಾಗದಪತ್ರ ಹೆಚ್ಚಿದುದೊಂದು ವಿಚಿತ್ರ. ಮೊದಲು ಈ ಭಾಗದ ಕಾಲೇಜುಗಳೆಲ್ಲ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಪದವೀಧರನು ಧಾರವಾಡಕ್ಕೆ ಹೋದರೆ ತನ್ನ ವಿಶ್ವವಿದ್ಯಾಲಯಕ್ಕೇ ಹೋದಂತೆ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದಿತು. ಆಮೇಲೆ ಜಮಖಂಡಿಯಲ್ಲಿಯೇ ಬಾಗಲಕೋಟೆ ವಿಶ್ವವಿದ್ಯಾಲಯವೂ ಆರಂಭವಾಯಿತು. ಸಂತೋಷವೇ. ಆದರೆ ಇಲ್ಲಿ ಪದವಿ ಪಡೆದವರು ತಮಗೆ ಬೇಕಾದ ವಿಷಯಕ್ಕಾಗಿ ಧಾರವಾಡಕ್ಕೋ ಬೆಳಗಾವಿಗೋ ಹೋದರೆ ಹೊರಗಿನವರೆನಿಸುತ್ತಾರೆ. ವಲಸೆ ಪ್ರಮಾಣಪತ್ರ ಬೇಕಾಗುತ್ತದೆ. ಜಾತಿ-ಆದಾಯ ಪ್ರಮಾಣಪತ್ರದ ಅವಧಿಯೂ ಐದೇ ವರ್ಷ. ಪಿ.ಯು.ಸಿ.ಗೆ ಸೇರುವಾಗ ತೆಗೆಸಿದ್ದು ಎಂ.ಎ. ಹೊತ್ತಿಗೆ ತೀರಿರುತ್ತದೆ. ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾದಾಗ ಇವೆಲ್ಲ ಒಮ್ಮೆಗೇ ತಲೆಯ ಮೇಲೆ ಬೀಳುತ್ತವೆ. ಓದಿದ ಮನೆತನದ ಮಕ್ಕಳಿಗೆ ಇದು ಸಣ್ಣ ಮಾತು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡವರಿಗೆ ಹೇಳುವವರಾರು?

ನಾವೂ ಮಠದ ಪಾಠಶಾಲೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಾಗ ಮೂರು ದಿನ ಯಾರೊಡನೆಯೂ ಮಾತನಾಡಿರಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಕೇಳುವುದು ಹೇಗೆಂದು ಹೇಳಿಕೊಟ್ಟವನು ನಮ್ಮೂರ ಕಡೆಯ ಹಿರಿಯ ವಿದ್ಯಾರ್ಥಿ. ಅವನಿಲ್ಲದಿದ್ದರೆ ನಾವೂ ತಿರುಗಿ ಬರುತ್ತಿದ್ದೆವೇನೋ. ಅದನ್ನು ಮರೆತದ್ದು ನಮ್ಮ ತಪ್ಪು.

ಈ ವರ್ಷ ಆ ರೀತಿ ಮಾಡಲಿಲ್ಲ. ಕೊನೆಯ ಪರೀಕ್ಷೆಗೆ ಮುನ್ನವೇ ಐದಾರು ಮಕ್ಕಳನ್ನು ಕೂಡ್ರಿಸಿಕೊಂಡು ಕಾಗದಗಳನ್ನು ನೋಡಿದೆವು. ಈಗಾಗಲೇ ಅಲ್ಲಿ ಓದುತ್ತಿರುವ ಒಬ್ಬರನ್ನು ಫೋನಿನಲ್ಲಿ ಪರಿಚಯಿಸಿದೆವು. ಬೀಳಗಿ ಕಡೆಯ ಒಬ್ಬ ಹುಡುಗಿಯ ತಾಯಿ ಒಪ್ಪಿರಲಿಲ್ಲ. ಇವರ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋಗಿದೆ. ಮಗಳನ್ನೂ ದೂರ ಕಳುಹಿಸಲು ಜೀವ ಒಡಂಬಡಲಿಲ್ಲ. ವಾದಿಸುವುದನ್ನು ಬಿಟ್ಟು ನಮ್ಮ ಮನೆಯವರೊಡನೆ ಆ ತಾಯಿಯನ್ನೇ ವಸತಿನಿಲಯ ನೋಡಲು ಕಳುಹಿಸಿದೆವು. ಆಕೆ ಅಡುಗೆಮನೆ ನೋಡಿದರು, ಕುಡಿಯುವ ನೀರು ನೋಡಿದರು, ರಾತ್ರಿ ಬಾಗಿಲು ಹಾಕುವ ಹೊತ್ತು ಕೇಳಿದರು. ಬರುವಾಗ ಬಸ್ಸಿನಲ್ಲಿ, “ರೊಟ್ಟಿ ತೆಳ್ಳಗ ಮಾಡತಾರ್ರಿ, ಇರಲಿ” ಎಂದರಂತೆ.

ಬನಹಟ್ಟಿಯ ತರುಣನೂ ಮತ್ತೆ ಅರ್ಜಿ ಹಾಕಿದ್ದಾನೆ. ಈ ಬಾರಿ ಪತ್ರ ಬರೆಯಲಿಲ್ಲ; ಪ್ರವೇಶದ ದಿನ ಜೊತೆಗೆ ನಾವೇ ಹೊರಡುವೆವೆಂದು ಅವನ ತಂದೆಗೆ ತಿಳಿಸಿದ್ದೇವೆ.