ಮನೆಯ ಸರ್ವರಿಗೊಬ್ಬ ಉತ್ತರಾಧಿಕಾರಿ

ಹಗಲಿರುಳು ಎಚ್ಚರವಾಗಿರಬೇಕಾದ ಯಂತ್ರವೊಂದನ್ನು ಮನೆಯೊಳಗೆ ಇರಿಸಿಕೊಳ್ಳುವವನು ಅದರ ಸಾಮರ್ಥ್ಯಕ್ಕಿಂತ ಮೊದಲು ಅದರ ಸ್ವಭಾವವನ್ನು ವಿಚಾರಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ತುಮಕೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಸರ್ವರು, ಕಚೇರಿಯೊಂದರಿಂದ ನಿವೃತ್ತವಾಗಿ ಬಂದ ಎತ್ತರದ ಡೆಸ್ಕ್‌ಟಾಪ್. ತಂದೆಯವರು ಕೂಡಿಸಿದ ರಂಗಗೀತೆಗಳ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಧ್ವನಿ, ಗುಬ್ಬಿಯ ತೋಟದ ಪಹಣಿ ಕ್ರಯಪತ್ರಗಳ ಪ್ರತಿ, ಮೂರು ತಲೆಮಾರಿನ ಭಾವಚಿತ್ರಗಳು, ಇವೆಲ್ಲವೂ ಅದರ ಎರಡು ಹಾರ್ಡ್‌ಡಿಸ್ಕುಗಳಲ್ಲಿವೆ. ಅದಕ್ಕೀಗ ಮುಪ್ಪಡಸಿದೆ. ಹೊದಿಕೆ ಕಳಚಿದರೆ, ಪ್ರೊಸೆಸರಿನ ಮೇಲಣ ಅಲ್ಯೂಮಿನಿಯಂ ರೆಕ್ಕೆಗಳ ಸಂದುಸಂದಿನಲ್ಲಿಯೂ ಕೆಂಧೂಳು, ಅದರೊಡನೆ ತೆಂಗಿನ ನಾರಿನ ಸಣ್ಣ ಎಳೆಗಳು, ಬ್ರಷ್ಷಿಗೂ ಜಗ್ಗದಂತೆ ಗಟ್ಟಿಕಟ್ಟಿಕೊಂಡಿವೆ. ಚೈತ್ರದ ಸೆಕೆಯಲ್ಲಿ ಬೇರಿಂಗು ಸವೆದ ಫ್ಯಾನು ವೇಗವೇರಿತೆಂದರೆ ಪಕ್ಕದ ಕೋಣೆಯಲ್ಲಿ ಮಲಗಿರುವ ಅಮ್ಮನಿಗೆ ನಿದ್ರಾಭಂಗ.

1884ರಲ್ಲಿ ಸ್ಥಾಪಿತವಾದ ಗುಬ್ಬಿಯ ನಾಟಕ ಕಂಪನಿಯು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕಾಗಿ ಸಾಕ್ಷಾತ್ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು, ಆ ವೈಭವ ಆ ರಂಗಕ್ಕೆ ಅನುರೂಪವಾಗಿತ್ತು. ಅದೇ ರಂಗದ ಹಾಡುಗಳನ್ನು ಕಾಪಿಡುವ ಪೆಟ್ಟಿಗೆಗಾದರೋ ಗಜಬಲ ಅನಾವಶ್ಯಕ.

ವಿದ್ಯುತ್ತಿನ ಲೆಕ್ಕವೂ ಇದನ್ನೇ ಸಾರುತ್ತದೆ. ಸುಮ್ಮನೆ ಕುಳಿತಾಗಲೂ 70 ವ್ಯಾಟ್ ಸೆಳೆಯುವ ಹಳೆಯ ಪೆಟ್ಟಿಗೆ ತಿಂಗಳಿಗೆ 50 ಯೂನಿಟ್ ನುಂಗುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಎಲ್ಲೆಯೊಳಗೆ ಬಾಳುವ ಸಂಸಾರಕ್ಕೆ ಇದು ಕಾಲುಪಾಲು. 8 ವ್ಯಾಟಿನ ಪುಟ್ಟ ಯಂತ್ರಕ್ಕೆ ತಿಂಗಳಿಗೆ 6 ಯೂನಿಟ್ಟು ಸಾಕು. ಕರೆಂಟು ಹೋದ ರಾತ್ರಿಯಲ್ಲಿ ಅಮ್ಮನ ಕೋಣೆಯ ಫ್ಯಾನಿಗೂ ಸರ್ವರಿಗೂ ಒಂದೇ ಇನ್ವರ್ಟರಿನ ಬ್ಯಾಟರಿ ಆಧಾರವೆಂಬುದನ್ನು ನೆನೆದರೆ, ಈ ಅಂತರ ಬರಿಯ ಹಣದ್ದಲ್ಲ.

ಆಯ್ಕೆಗಳಿಗೆ ಕೊರತೆಯಿಲ್ಲ. ರಾಸ್ಪ್‌ಬೆರಿ ಪೈ ಅತ್ಯಂತ ಮಿತವ್ಯಯಿ, ಆದರೆ ಸದಾ ಬರೆಯಿಸಿಕೊಳ್ಳುವ ಕೆಲಸಕ್ಕೆ ಅದರ ಮೆಮೊರಿ ಕಾರ್ಡು ಬಾಳಿಕೆ ಬರುವಂಥದಲ್ಲ. ಕಂಪನಿಗಳು ಬಳಸಿ ಮಾರುವ, ಒಂದು ಲೀಟರಿನಷ್ಟೇ ಗಾತ್ರದ ಸೆಕೆಂಡ್‌ಹ್ಯಾಂಡ್ ಮಿನಿ ಪೀಸಿಗಳು ಬಲಿಷ್ಠವೂ ಅಗ್ಗವೂ ಆಗಿವೆ. ಅವುಗಳ ಫ್ಯಾನು ಚಿಕ್ಕದಾದರೂ ಫ್ಯಾನೇ, ನಮ್ಮೂರಿನ ಧೂಳನ್ನು ಅದೂ ಒಳಗೆಳೆದುಕೊಳ್ಳುವುದು. ಆದುದರಿಂದ ನನ್ನ ಮನಸ್ಸು ಒಲಿದದ್ದು 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರಿನ, ಫ್ಯಾನೇ ಇಲ್ಲದ ಪೆಟ್ಟಿಗೆಗೆ. 6 ವ್ಯಾಟಿಗೆ ನಿಗದಿಯಾದ ಆ ಚಿಪ್ಪಿನ ಶಾಖವನ್ನು ಲೋಹದ ಕವಚವೇ ಹೊರಗಿನ ಗಾಳಿಗೆ ದಾಟಿಸುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನು ಅದಕ್ಕೆ ಕೂಡಿಸಿದರೆ ಸದ್ದಿಗೆ ಆಸ್ಪದವೇ ಉಳಿಯದು. ಬೇಸಗೆಯಲ್ಲಿ ಕವಚ ಮುಟ್ಟಿದರೆ ಬಿಸಿ ತಗಲುವುದು ದೋಷವಲ್ಲ, ಶಾಖ ಹೊರಬರುತ್ತಿದೆಯೆಂಬುದರ ಲಕ್ಷಣ. ಮುಚ್ಚಿದ ಬೀರುವಿನೊಳಗೆ ಮಾತ್ರ ಅದನ್ನು ಇಡಲಾಗದು.

ಹೊಸತು ಬಂದಿತೆಂದು ಹಳೆಯ ಡಿಸ್ಕುಗಳನ್ನು ಗುಜರಿಗೆ ಹಾಕುವುದು ನನಗೊಪ್ಪದು. ಒಂದೇ ಸೂರಿನಡಿ ಎಷ್ಟು ಪ್ರತಿಗಳಿದ್ದರೂ, ಭರಣಿ ಮಳೆಯ ಸಿಡಿಲೊಂದು ವಿದ್ಯುತ್ ತಂತಿಯಲ್ಲಿ ಹರಿದುಬಂದರೆ, ಎಲ್ಲವೂ ಒಟ್ಟಿಗೇ ಅಳಿಯಬಹುದು. ಹಳೆಯ ಎರಡು ಡಿಸ್ಕುಗಳಲ್ಲಿ ಇನ್ನೂ ಆರೋಗ್ಯವಾಗಿರುವುದನ್ನು ಕುಣಿಗಲ್ಲಿನ ಅಕ್ಕನ ಮನೆಯಲ್ಲಿರಿಸಿ, ವಾರಕ್ಕೊಂದು ರಾತ್ರಿ ಮಾತ್ರ ಎಚ್ಚರಗೊಂಡು ತುಮಕೂರಿನಿಂದ ಹೊಸ ಕಡತಗಳನ್ನು ಬರಮಾಡಿಕೊಳ್ಳುವಂತೆ ಏರ್ಪಡಿಸುವುದೆಂದು ನಿಶ್ಚಯಿಸಿದೆ. ಕೇಳಿದ್ದಕ್ಕೆ ಅಕ್ಕ, “ಇರಲಿ ತಗೊಂಡ್ ಬಾರೋ, ದೇವರ ಕೋಣೆ ಪಕ್ಕ ಒಂದು ಪ್ಲಗ್ಗು ಖಾಲಿ ಇದೆ. ಅಪ್ಪನ ಹಾಡು ನಮ್ಮನೇಲೂ ಕೇಳಬಹುದಲ್ಲ?” ಎಂದಳು. ಖಂಡಿತ ಕೇಳಬಹುದು. ಅಲ್ಲಿನ ಯುಪಿಎಸ್ ಬ್ಯಾಟರಿ ಹಳತಾಗಿದೆ. ಮುಂಗಾರಿಗೆ ಮುನ್ನ ಅದನ್ನೊಂದು ಬದಲಿಸಬೇಕು.